ಕೈಯಲ್ಲೇ ಹಿಡಿದು 4×5: 65 ಎಂಎಂ ಕ್ಯಾಂಬೊ ವೈಡೋ, 90 ಎಂಎಂ ಕ್ರೌನ್ ಗ್ರಾಫಿಕ್ಕೋ?

ಎರಡೂ 4×5 ಇಂಚಿನ ಹಾಳೆ ಫಿಲ್ಮಿನ ಕ್ಯಾಮೆರಾಗಳು. ಕ್ಯಾಂಬೊ ವೈಡ್‌ನಲ್ಲಿ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ) ಇಲ್ಲ. ಹೆಲಿಕಲ್ ರಿಂಗ್ ತಿರುಗಿಸಿ ಅಂದಾಜಿನ ದೂರಕ್ಕೆ ಫೋಕಸ್ ಮಾಡಬೇಕು. ಅಂದಾಜು ಎಂದು ಹೆದರಬೇಡಿ: 65 ಎಂಎಂ ಲೆನ್ಸನ್ನು ಎಫ್/16ರ ಕಿರು ರಂಧ್ರದಲ್ಲಿ ಸುಮಾರು 2.6 ಮೀಟರಿಗೆ ನಿಲ್ಲಿಸಿದರೆ 1.3 ಮೀಟರಿನಿಂದ ಅನಂತದವರೆಗೆ ಸ್ಪಷ್ಟ. 90 ಎಂಎಂಗೆ ಅದೇ ಲೆಕ್ಕ 5 ಮೀಟರ್, ಹತ್ತಿರದ ಮಿತಿ 2.5.

ಕ್ರೌನ್ ಗ್ರಾಫಿಕ್ ಮಡಚಿದರೆ ಪೆಟ್ಟಿಗೆ, ಅಗ್ಗ, ಗಟ್ಟಿ. ಆದರೆ ಅದರ ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡುವ ಸಾಧನ) ಸಾಮಾನ್ಯವಾಗಿ ಮೂಲ ಲೆನ್ಸಿಗೆ ಹೊಂದಿಸಿದ್ದು, 90ಕ್ಕೆ ನಂಬಬೇಡಿ. ಮುಂದಿನ ಹಲಗೆ ಇಳಿಸದಿದ್ದರೆ ಅದು ಚೌಕಟ್ಟಿನೊಳಗೆ ಬರಬಹುದು.

65ರ ತೊಂದರೆ ಮೂಲೆಗಳ ಕತ್ತಲು. ಸೆಂಟರ್ ಫಿಲ್ಟರ್ (ನಡುಭಾಗದ ಬೆಳಕು ತಗ್ಗಿಸಿ ಮೂಲೆಗಳಿಗೆ ಸಮ ಮಾಡುವ ಗಾಜು) ಹಾಕಿದರೆ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಬೆಳಕು ಹೋಗುತ್ತದೆ. ಕೈಯಲ್ಲಿ ಹಿಡಿದಾಗ ಅದು ದುಬಾರಿ. 400 ಐಎಸ್‌ಒ ಫಿಲ್ಮ್ ಇಟ್ಟುಕೊಂಡು ಫಿಲ್ಟರ್ ಬಿಡುವುದೇ ವಾಸಿ.

ಕಟ್ಟಡ, ಇಕ್ಕಟ್ಟಾದ ಬೀದಿಗೆ ಕ್ಯಾಂಬೊ. ಮುಂದೆ ಉದ್ದದ ಲೆನ್ಸನ್ನೂ ಬಳಸುವವರಿಗೆ ಗ್ರಾಫಿಕ್.