ಹಳೇ ಕಂಪ್ಯೂಟರ್‌ಗೆ ಆರ್‌ಟಿಎಕ್ಸ್ 3060: ನಾನು 12 ಜಿಬಿಯನ್ನೇ ಹುಡುಕಿ ಹಾಕಿಸಿದ್ದೇಕೆ

ನನ್ನ ಕಂಪ್ಯೂಟರ್‌ನಲ್ಲಿರುವುದು ಇಂಟೆಲ್ ಕೋರ್ ಐ5 8400. 2017ರ ಪ್ರೊಸೆಸರ್. ಆರು ಕೋರ್, ಆರೇ ಥ್ರೆಡ್, ಅಂದರೆ ಒಟ್ಟಿಗೆ ಆರು ಕೆಲಸ ಮಾತ್ರ ಮಾಡಬಲ್ಲದು. ಜೊತೆಗೆ 16 ಜಿಬಿ ರ್ಯಾಮ್, 550 ವ್ಯಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), 1080ಪಿ ಮಾನಿಟರ್. ಇಷ್ಟು ವರ್ಷ ಆಟ ಆಡಿಸಿದ್ದು ಎನ್‌ವಿಡಿಯಾ ಕಂಪನಿಯ 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರ ಬಿಡಿಸುವ ಕಾರ್ಡ್. ನಿಯತ್ತಿನ ಕಾರ್ಡ್ ಅದು, ಒಂದು ದಿನವೂ ಕೈಕೊಡಲಿಲ್ಲ. ಆದರೆ ರೇ ಟ್ರೇಸಿಂಗ್‌ಗೆ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವುದಕ್ಕೆ) ಬೇಕಾದ ಹಾರ್ಡ್‌ವೇರ್ ಅದರಲ್ಲಿಲ್ಲ. 'ಡೂಮ್: ದ ಡಾರ್ಕ್ ಏಜಸ್' ಥರದ ಆಟಗಳು ಅದನ್ನು ಕೇಳಿಯೇ ಕೇಳುತ್ತವೆ. ಎನ್‌ವಿಡಿಯಾ ಕೂಡ ಆ ಕಾಲದ ಕಾರ್ಡ್‌ಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಹಾಗಾಗಿ ಬದಲಾಯಿಸಲೇಬೇಕಾಯಿತು.

ನಾನು ಆರಿಸಿದ್ದು ಆರ್‌ಟಿಎಕ್ಸ್ 3060, 12 ಜಿಬಿಯದು. 2021ರಲ್ಲಿ ಬಂದ ಕಾರ್ಡ್. ಅದರ ನಂತರ 4060 ಬಂತು, 5060 ಬಂತು. ಎರಡೂ ಇದಕ್ಕಿಂತ ವೇಗವಾಗಿವೆ, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದೂ ಇದನ್ನೇ ಯಾಕೆ ತಗೊಂಡೆ ಅಂದರೆ, ನನ್ನ ಮದರ್‌ಬೋರ್ಡಿನ ಸ್ಲಾಟ್ ನೋಡಿ.

ಹಳೇ ಬೋರ್ಡ್‌ಗಳಲ್ಲಿ ಇರುವುದು ಪಿಸಿಐಇ 3.0. ಪಿಸಿಐಇ ಅಂದರೆ ಕಾರ್ಡ್ ಮತ್ತು ಬೋರ್ಡಿನ ನಡುವೆ ಡೇಟಾ ಓಡಾಡುವ ದಾರಿ, ಅದರ ಒಂದೊಂದು ಸಾಲೇ ಲೇನ್. ಹದಿನಾರು ಲೇನ್ ಸೇರಿ ಸೆಕೆಂಡಿಗೆ ಸುಮಾರು 16 ಜಿಬಿ ಸಾಗಿಸುತ್ತದೆ. 3060 ಆ ಹದಿನಾರನ್ನೂ ಬಳಸುತ್ತದೆ. 4060 ಮತ್ತು 5060 ಬಳಸುವುದು ಎಂಟು ಲೇನ್ ಮಾತ್ರ. ಹೊಸ ಬೋರ್ಡಿನಲ್ಲಿ ಒಂದೊಂದು ಲೇನ್‌ನ ವೇಗವೇ ಜಾಸ್ತಿ, ಆದ್ದರಿಂದ ಎಂಟು ಸಾಕು. ನನ್ನ ಬೋರ್ಡಿನಲ್ಲಿ ಎಂಟು ಅಂದರೆ ದಾರಿ ಅರ್ಧಕ್ಕೆ ಇಳಿದ ಹಾಗೆ. ಆಟ ಕಾರ್ಡಿನ ಮೆಮೊರಿಯೊಳಗೇ ಹಿಡಿಸುವ ತನಕ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತೊಂದರೆ ಶುರುವಾಗುವುದು 8 ಜಿಬಿ ತುಂಬಿದ ಮೇಲೆ. ಆಗ ಕಾರ್ಡ್ ಪದೇ ಪದೇ ರ್ಯಾಮ್‌ನಿಂದ ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ತರಿಸಿಕೊಳ್ಳಬೇಕು, ಅದೂ ಈ ಇಕ್ಕಟ್ಟಾದ ದಾರಿಯಲ್ಲೇ. ಸರಾಗವಾಗಿ ಓಡುತ್ತಿದ್ದ ಆಟ ತಿರುವಿನಲ್ಲಿ ತಟ್ಟನೆ ನಿಂತು ಹೊರಡುವುದು ಇದರಿಂದಲೇ. 12 ಜಿಬಿ ಇದ್ದರೆ 1080ಪಿಯಲ್ಲಿ ಆ ಹಂತಕ್ಕೆ ಹೋಗುವುದೇ ಅಪರೂಪ. ಸರಾಸರಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) ಮಾತ್ರ ತೋರಿಸುವ ಹೋಲಿಕೆಗಳಲ್ಲಿ ಈ ವಿಷಯ ಕಾಣಿಸುವುದೇ ಇಲ್ಲ. ಅವನ್ನು ಮಾಡುವುದು ಸಾಮಾನ್ಯವಾಗಿ ಹೊಸ ಬೋರ್ಡಿನ ಮೇಲೆ, ಅಲ್ವಾ?

ಇದೇ ಲೆಕ್ಕದಲ್ಲಿ ನೋಡಿದರೆ ಹಳೇ ಬೋರ್ಡಿಗೆ ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡವೇ ಬೇಡ. ಬರೀ ನಾಲ್ಕು ಲೇನ್, ಮೆಮೊರಿಯೂ 4 ಜಿಬಿ. ಇಂಟೆಲ್‌ನ ಬಿ580 ನನಗೆ ನಿಜವಾಗಿಯೂ ಇಷ್ಟವಾಗಿತ್ತು, ಅದರಲ್ಲೂ 12 ಜಿಬಿ ಇದೆ. ಆದರೆ ರೀಸೈಸಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಂದೇ ಸಲಕ್ಕೆ ತಲುಪುವ ಸೌಲಭ್ಯ) ಇಲ್ಲದಿದ್ದರೆ ಅದು ತುಂಬಾ ನಿಧಾನವಾಗುತ್ತದೆ. ಇಂಟೆಲ್ ಹತ್ತನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು ಅನ್ನುತ್ತದೆ. ನನ್ನದು ಎಂಟನೆಯದು.

ಎಸ್‌ಎಂಪಿಎಸ್ ವಿಷಯ. 1060ಕ್ಕೆ 120 ವ್ಯಾಟ್ ಸಾಕಿತ್ತು, 3060ಕ್ಕೆ 170 ಬೇಕು. ಎನ್‌ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್, ನನ್ನ ಹತ್ತಿರ ಅಷ್ಟೇ ಇತ್ತು. ಎಂಟು ಪಿನ್‌ನ ಒಂದು ಕೇಬಲ್ ಕೂಡ ಇತ್ತು. ನಿಮ್ಮದರಲ್ಲಿ ಆ ಕೇಬಲ್ ಇಲ್ಲದಿದ್ದರೆ ಅಡಾಪ್ಟರ್ ಸಿಕ್ಕಿಸಿ ಕೆಲಸ ಸಾಗಿಸಬೇಡಿ. ಮೊದಲು ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ, ಅಥವಾ 132 ವ್ಯಾಟ್‌ನ ಆರ್‌ಎಕ್ಸ್ 6600 ನೋಡಿ. ಅದಕ್ಕೂ ಎಂಟು ಪಿನ್ ಬೇಕು, ಆದರೆ ಎಸ್‌ಎಂಪಿಎಸ್ ಮೇಲಿನ ಹೊರೆ ಕಡಿಮೆ.

ಈಗ ಆಟದ ಮಾತು. ಸೈಬರ್‌ಪಂಕ್ 2077 ಹಾಕಿದೆ. 1060ರಲ್ಲಿ ಮೀಡಿಯಂ ಇಟ್ಟರೂ ಪರದಾಡುತ್ತಿದ್ದ ಆಟ. ಈಗ ಟೆಕ್ಸ್ಚರ್ ಹೈ, ಡಿಎಲ್‌ಎಸ್‌ಎಸ್ ಕ್ವಾಲಿಟಿಯಲ್ಲಿ. ಮಳೆ ನಿಂತ ರಸ್ತೆಯಲ್ಲಿ ಅಂಗಡಿಯ ಬಣ್ಣದ ದೀಪಗಳು ಹೊಳೆಯುವುದನ್ನು ನೋಡುತ್ತಾ ನಡೆದೇ ಹೋದೆ, ಮಿಷನ್ ಕಡೆಗೆ ಗಮನವೇ ಇರಲಿಲ್ಲ. ಡಿಎಲ್‌ಎಸ್‌ಎಸ್ ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ಅದನ್ನು ದೊಡ್ಡದು ಮಾಡುತ್ತದೆ. ಆದರೂ ದೂರದ ಬೋರ್ಡಿನ ಅಕ್ಷರಗಳು ಸ್ಪಷ್ಟವಾಗೇ ಕಾಣುತ್ತವೆ. ಅದರ ಫ್ರೇಮ್ ಜನರೇಶನ್ (ನಡುವೆ ಹೆಚ್ಚುವರಿ ಫ್ರೇಮ್ ಸೃಷ್ಟಿಸುವುದು) ಮಾತ್ರ ಈ ಕಾರ್ಡಿಗಿಲ್ಲ, ಅದು 40ರ ಸರಣಿಯಿಂದ ಮೇಲೆ.

ಜನ ಕಿಕ್ಕಿರಿದ ಮಾರ್ಕೆಟ್‌ಗೆ ಹೋದಾಗ ಕಥೆ ಬೇರೆ. ಅಲ್ಲಿ ಕಾರ್ಡ್ ಆರಾಮಾಗಿರುತ್ತದೆ, ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿರುತ್ತದೆ. ಆರು ಥ್ರೆಡ್‌ನ ಮಿತಿ ಅದು, ಯಾವ ಕಾರ್ಡ್ ಹಾಕಿದರೂ ಹೋಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ರೌಡ್ ಡೆನ್ಸಿಟಿ ಇಳಿಸಿದೆ, ಉಸಿರಾಡಿತು. ರೇ ಟ್ರೇಸಿಂಗ್ ಪೂರ್ತಿ ಆಫ್ ಮಾಡಿದ್ದೇನೆ. ಅದು ಕಾರ್ಡಿಗೆ ಮಾತ್ರ ಭಾರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಪ್ರೊಸೆಸರ್‌ಗೂ ಕೆಲಸ ಹೆಚ್ಚುತ್ತದೆ.

ದುಡ್ಡು ಹಾಕುವ ಮುಂಚೆ ನಿಮ್ಮ ಕಂಪ್ಯೂಟರ್‌ನಲ್ಲಿ ಯಾವುದು ಸುಸ್ತಾಗಿದೆ ಅಂತ ನೋಡಿಕೊಳ್ಳಿ. ಆಟದ ರೆಸಲ್ಯೂಶನ್ ಅನ್ನು 720ಪಿಗೆ ಇಳಿಸಿ. ಫ್ರೇಮ್ ರೇಟ್ ಚೆನ್ನಾಗಿ ಏರಿದರೆ ಕಾರ್ಡ್ ಬದಲಾಯಿಸಿದ್ದಕ್ಕೆ ಫಲ ಸಿಗುತ್ತದೆ. ಅಲ್ಲಾಡದೇ ಇದ್ದಲ್ಲೇ ಇದ್ದರೆ ಪ್ರೊಸೆಸರ್ ಹಿಂದೆ ಬಿದ್ದಿದೆ, ಆಗ ಸುಮ್ನೆ ಕಾರ್ಡಿಗೆ ಸುರಿಯಬೇಡಿ. ಸದ್ಯದಲ್ಲೇ ಬೋರ್ಡ್, ಪ್ರೊಸೆಸರ್ ಎಲ್ಲಾ ಬದಲಾಯಿಸುವವರು 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ತಗೊಳ್ಳುವುದು ಮೇಲು. ಅದಕ್ಕೂ ಹದಿನಾರು ಲೇನ್ ಇದೆ, ವೇಗವೂ ಬಹಳ ಜಾಸ್ತಿ.

3060ನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಇದೇ ಹೆಸರಿನಲ್ಲಿ 2022ರಲ್ಲಿ 8 ಜಿಬಿಯ ಕಾರ್ಡ್ ಕೂಡ ಬಂತು. ಅದರ ಮೆಮೊರಿ ಬಸ್ (ಕಾರ್ಡಿನ ಮೆಮೊರಿಗೆ ಹೋಗುವ ದಾರಿಯ ಅಗಲ) 128 ಬಿಟ್, ವೇಗ ಎದ್ದು ಕಾಣುವಷ್ಟು ಕಡಿಮೆ. ಡಬ್ಬಿ ನೋಡಿ ನಂಬಬೇಡಿ. ಕಂಪ್ಯೂಟರ್‌ಗೆ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್ ತೆರೆಸಿ. ಮೆಮೊರಿ 12 ಜಿಬಿ, ಬಸ್ 192 ಬಿಟ್ ಅಂತ ತೋರಿಸಿದರೆ ಮಾತ್ರ ದುಡ್ಡು ಕೊಡಿ.