ಮಾಂಗಲ್ಯಂ ತಂತು... ಆಮೇಲೆ ಸದ್ದೇ ಇಲ್ಲ: ವೈರ್‌ಲೆಸ್ ಮೈಕ್ ಕೊಳ್ಳೋ ಮುಂಚೆ ನನ್ನ ಕತೆ ಕೇಳಿ

ಶಿವಮೊಗ್ಗದಲ್ಲಿ ಮದುವೆ ವಿಡಿಯೊ ಮಾಡೋದು ನನ್ನ ಕೆಲಸ. ಮಧ್ಯೆ ಮಧ್ಯೆ ಸಣ್ಣಪುಟ್ಟ ಸಾಕ್ಷ್ಯಚಿತ್ರ, ಸಂದರ್ಶನ ಕೂಡ ಮಾಡುತ್ತೇನೆ. ಎರಡು ವರ್ಷದಲ್ಲಿ ಎರಡು ವೈರ್‌ಲೆಸ್ ಮೈಕ್ ಸೆಟ್ಟು ಕೊಂಡೆ. ಎರಡೂ ಕೈಕೊಟ್ಟವು. ಒಂದೊಂದೂ ಒಂದೊಂದು ಕಾರಣಕ್ಕೆ. ನೀವು ಈಗ ಕೊಳ್ಳೋ ಯೋಚನೆಯಲ್ಲಿದ್ದರೆ ಇದನ್ನ ಓದಿ, ಆಮೇಲೆ ದುಡ್ಡು ಬಿಚ್ಚಿ.

ಮೊದಲನೆಯದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡಿದ್ದು. ಎರಡು ಪುಟಾಣಿ ಕಾಲರ್ ಮೈಕು, ಅವು ಕಳಿಸೋ ಸದ್ದನ್ನ ಹಿಡಿದು ಕ್ಯಾಮೆರಾಗೆ ಕೊಡೋ ಒಂದು ರಿಸೀವರ್, ಚಾರ್ಜಿಂಗ್ ಡಬ್ಬಿ, ಸೇರಿ 3,200 ರೂಪಾಯಿ. ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 200 ಮೀಟರ್ ಅಂತ ಬರೆದಿತ್ತು. ಅಂಗಡಿಯವರು ತಮ್ಮ ಫೋನಿಗೆ ಸಿಕ್ಕಿಸಿ, "ಹಲೋ ಹಲೋ" ಅಂದು, ಫ್ಯಾನಿನ ಸದ್ದು ಹೇಗೆ ಮಾಯವಾಗುತ್ತೆ ನೋಡಿ ಸಾರ್ ಅಂತ ತೋರಿಸಿದರು. ನಿಜಕ್ಕೂ ಮಾಯವಾಯಿತು. ನಾನು ಮರುಳಾದೆ.

ಊರಿಗೆ ಬಂದು ಪರೀಕ್ಷೆನೂ ಮಾಡಿದೆ, ಸುಮ್ನೆ ಕೂರಲಿಲ್ಲ. ಬೆಳಗ್ಗೆ ಆರು ಗಂಟೆಗೆ ನೆಹರು ಕ್ರೀಡಾಂಗಣದಲ್ಲಿ ನನ್ನ ಅಸಿಸ್ಟೆಂಟ್ ಹುಡುಗನಿಗೆ ಮೈಕ್ ಸಿಕ್ಕಿಸಿ ಆ ತುದಿಗೆ ಓಡಿಸಿದೆ. "ಅಣ್ಣಾ ಕೇಳ್ತಿದೆಯಾ, ಕೇಳ್ತಿದೆಯಾ" ಅಂತ ಕೂಗಿದ. ಸ್ಪಷ್ಟವಾಗಿ ಕೇಳಿಸಿತು. ಖಾಲಿ ಮೈದಾನ, ಎದುರುಬದುರು ನಿಂತ ಇಬ್ಬರು, ಮಧ್ಯೆ ಒಂದು ನಾಯಿ. ಅಲ್ಲಿ ಕೇಳಿಸದೆ ಇನ್ನೆಲ್ಲಿ ಕೇಳಿಸಬೇಕು?

ಆಮೇಲೆ ಮದುವೆ ಬಂತು. ದೊಡ್ಡ ಕಲ್ಯಾಣ ಮಂಟಪ, ಆರುನೂರು ಜನ. ಪುರೋಹಿತರಿಗೆ ಒಂದು ಮೈಕು, ಮದುಮಗನಿಗೆ ಒಂದು. ಪುರೋಹಿತರು ಅಂಗಿ ಹಾಕಲ್ಲ ಅಲ್ವಾ, ಕಾಲರ್ ಮೈಕನ್ನ ಶಲ್ಯಕ್ಕೇ ಕಚ್ಚಿಸಬೇಕು. ಶಲ್ಯ ಜಾರುತ್ತೆ. ಅವರು ಹೋಮಕ್ಕೆ ಬಗ್ಗಿದಾಗೆಲ್ಲ ಮೈಕು ಎದೆಗೂ ತೊಡೆಗೂ ನಡುವೆ ಸಿಕ್ಕಿಕೊಳ್ಳುತ್ತೆ. ರಿಸೀವರ್ ಇದ್ದದ್ದು ಎದುರಿನ ಕ್ಯಾಮೆರಾ ಮೇಲೆ, ಸುಮಾರು ಮೂವತ್ತೈದು ಅಡಿ ದೂರದಲ್ಲಿ. ಬೆಳಗ್ಗೆ ಛತ್ರ ಖಾಲಿ ಇದ್ದಾಗ ಹೆಡ್‌ಫೋನಿನಲ್ಲಿ ಕೇಳಿ ನೋಡಿದ್ದೆ, ಚೆನ್ನಾಗಿತ್ತು. ಆಮೇಲೆ ಓಡಾಟ ಜಾಸ್ತಿ ಆಯಿತು, ಹೆಡ್‌ಫೋನ್ ಬ್ಯಾಗಿಗೆ ಹೋಯಿತು. ಈ ತಪ್ಪು ನಂದೇ, ಮೈಕಿನದ್ದಲ್ಲ. ರಿಸೀವರಿನಲ್ಲಿ ಹಸಿರು ದೀಪ ಉರಿಯುತ್ತಿತ್ತು, ಅದನ್ನೇ ನಂಬಿದೆ.

ಮೂರು ದಿನ ಬಿಟ್ಟು ಎಡಿಟಿಂಗಿಗೆ ಕೂತೆ. ಮುಹೂರ್ತದ ಜಾಗಕ್ಕೆ ಬಂದಾಗ ಹೀಗೆ ಕೇಳಿಸಿತು: "ಮಾಂಗಲ್ಯಂ ತಂತು... ... ಹೇತುನಾ... ... ... ಸುಭಗೇ..." ಮಧ್ಯೆ ಬರೀ ಖಾಲಿ. ಗೊರಗೊರ ಇಲ್ಲ, ಸುಯ್ ಅನ್ನೋದೂ ಇಲ್ಲ. ವೇವ್‌ಫಾರ್ಮ್ ನೋಡಿದರೆ ಕತ್ತರಿ ಹಾಕಿದ ಹಾಗೆ ನೇರ ಗೆರೆ. ಡಿಜಿಟಲ್ ಮೈಕು ಸೋಲೋದೇ ಹಾಗೆ. ಹಳೇ ಅನಲಾಗ್ ಮೈಕು ಸಿಗ್ನಲ್ ಕಮ್ಮಿ ಆದಾಗ ಮೊದಲು ನರಳುತ್ತೆ, ಆಮೇಲೆ ಸಾಯುತ್ತೆ. ಇದು ಮಾತಾಡುತ್ತಲೇ ಹೋಗಿಬಿಡುತ್ತೆ.

ಸರಿಯಾಗಿ ಮುಹೂರ್ತದಲ್ಲೇ ಯಾಕೆ? ಯೋಚನೆ ಮಾಡಿದರೆ ಬೇರೆ ಹೊತ್ತಿನಲ್ಲಿ ಆಗೋಕೇ ಸಾಧ್ಯ ಇಲ್ಲ. ಇಂಥ ಸಣ್ಣ ಮೈಕುಗಳು ಬಹುಪಾಲು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ, ಬ್ಲೂಟೂತ್ ಓಡಾಡೋದೂ ಅದೇ ದಾರಿಯಲ್ಲಿ. ಇನ್ನೊಂದು, ಈ ಅಲೆಗಳನ್ನ ನೀರು ಚೆನ್ನಾಗಿ ಹೀರುತ್ತೆ. ಮನುಷ್ಯನ ಮೈ ಅಂದರೆ ಹೆಚ್ಚುಕಮ್ಮಿ ನೀರಿನ ಚೀಲ. ಗಟ್ಟಿಮೇಳ ಅಂದ ಕೂಡಲೇ ಏನಾಗುತ್ತೆ? ಆರುನೂರು ಜನ ಎದ್ದು ನಿಲ್ಲುತ್ತಾರೆ. ಅಕ್ಷತೆ ಹಾಕೋಕೆ ಮುಂದೆ ನುಗ್ಗುತ್ತಾರೆ. ಅರ್ಧ ಜನ ಫೋನ್ ಎತ್ತಿ ಹಿಡಿಯುತ್ತಾರೆ. ಲೈವ್ ಮಾಡೋಕೆ ಬಂದಿದ್ದ ಬೇರೆ ತಂಡದವರ ರೂಟರ್ ಮಂಟಪದ ಪಕ್ಕದಲ್ಲೇ ಕೂತಿತ್ತು. ನನ್ನ ಮೈಕಿಗೂ ರಿಸೀವರಿಗೂ ಮಧ್ಯೆ ಜೀವಂತ ಗೋಡೆ ಎದ್ದಿತ್ತು, ಆ ಗೋಡೆಯ ಒಂದೊಂದು ಇಟ್ಟಿಗೆಯ ಕೈಲೂ ಒಂದೊಂದು ರೇಡಿಯೊ.

ಅಷ್ಟೇ ಅಲ್ಲ. ಅಂಗಡಿಯಲ್ಲಿ ಫ್ಯಾನಿನ ಸದ್ದು ನುಂಗಿದ ನಾಯ್ಸ್ ಕ್ಯಾನ್ಸಲಿಂಗ್ ಆನ್ ಆಗಿಯೇ ಇತ್ತು. ಹತ್ತಿರದಿಂದ ಬರೋ ಮಾತು ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಗಲಾಟೆ. ಗಟ್ಟಿಮೇಳವನ್ನೂ ಗಲಾಟೆ ಅಂದುಕೊಂಡಿತು. ಓಲಗದವರ ಕೆನ್ನೆ ಉಬ್ಬಿದೆ, ಡೋಲಿನ ಮೇಲೆ ಕೈ ಕುಣಿಯುತ್ತಿದೆ, ಸದ್ದು ಮಾತ್ರ ಬಾವಿಯೊಳಗಿಂದ ಬಂದಂತಿದೆ. ಅದನ್ನ ಇನ್ನೊಂದು ಕ್ಯಾಮೆರಾದ ಸ್ವಂತ ಮೈಕಿನಿಂದ ತಂದು ಹೊಲಿದೆ. ಮಂತ್ರ ಎಲ್ಲಿಂದ ತರೋದು?

ಪುರೋಹಿತರ ಮನೆಗೇ ಹೋದೆ. ಅವರು ಪಾಪ, ಜಗಲಿಯಲ್ಲಿ ಫ್ಯಾನ್ ಆರಿಸಿ ಕೂತು ಇನ್ನೊಂದು ಸಲ ಹೇಳಿಕೊಟ್ಟರು. ತಂದು ಕೂರಿಸಿದೆ. ತುಟಿ ಆಚೀಚೆ ಆದರೂ ಅಂತರಪಟ, ಅಕ್ಷತೆ ಅಂತ ಅಲ್ಲಲ್ಲಿ ಬೇರೆ ಚಿತ್ರ ಹಾಕಿ ಮುಚ್ಚಿದೆ. ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಮದುಮಗಳ ಅಜ್ಜಿ ಮೊದಲ ಸಲಕ್ಕೇ ಹಿಡಿದರು. "ಇದು ಅವತ್ತಿನದ್ದಲ್ಲ ಕಣಪ್ಪಾ. ಅವತ್ತು ಭಟ್ಟರಿಗೆ ನೆಗಡಿ ಆಗಿತ್ತು."

ನಿಜ ಒಪ್ಪಿಕೊಂಡೆ. ಮದುಮಗಳ ಅಪ್ಪ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. 8,000 ರೂಪಾಯಿ ವಾಪಸ್ ಕೊಟ್ಟು ಬಂದೆ.

ಇನ್ನು ಎರಡನೆಯದು. ಮೊದಲ ಪೆಟ್ಟು ಬಿದ್ದಮೇಲೆ 2.4 ಅಂದರೇ ಬೇಡ ಅನಿಸಿಬಿಟ್ಟಿತ್ತು. ದೊಡ್ಡವರೆಲ್ಲ ಯುಎಚ್‌ಎಫ್ (2.4ಕ್ಕಿಂತ ಕೆಳಗಿನ, ಕೆಲವು ನೂರು ಮೆಗಾಹರ್ಟ್ಸ್‌ನ ಅಲೆ) ಬಳಸ್ತಾರೆ, ಅದೇ ತಗೋ ಅಂದರು ಗೆಳೆಯರು. ಮಾತು ಸುಳ್ಳಲ್ಲ. ಸಿನಿಮಾ, ಟಿವಿ ಕೆಲಸದಲ್ಲಿ ಇವತ್ತಿಗೂ ಜಾಸ್ತಿ ಕಾಣೋದು ಅದೇ. ಅಲೆ ಉದ್ದ ಇರೋದರಿಂದ ಜನರ ಮೈಯನ್ನ ಸುತ್ತಿಕೊಂಡು ಬರುತ್ತೆ. ಆದರೆ ಹೊಸದು ನನ್ನ ಕೈಗೆ ಎಟುಕುವ ಬೆಲೆಯಲ್ಲಿರಲಿಲ್ಲ. ಪರಿಚಯದವರೊಬ್ಬರು ಅಮೆರಿಕದಿಂದ ತರಿಸಿದ್ದ ಹಳೇ ಸೆಟ್ಟು 14,000ಕ್ಕೆ ಸಿಕ್ಕಿತು. ಲೋಹದ ಮೈ, ಎರಡು ಎಎ ಸೆಲ್ಲು, ಕೈಯಲ್ಲಿ ಹಿಡಿದರೆ ಭಾರ. ಒಳ್ಳೇ ಮಾಲು ಅನ್ನೋ ಭಾರ.

ಮೊದಲ ಕೆಲಸ ಸಾಗರದ ಕಡೆ ಒಂದು ಹಳ್ಳಿಯಲ್ಲಿ, ಹಸೆ ಚಿತ್ತಾರ ಬರೆಯೋ ಅಜ್ಜಿಯೊಬ್ಬರ ಜೊತೆ. ಪುಂಡಿನಾರಿನ ಕುಂಚ ಗೋಡೆ ಮೇಲೆ ಎಳೆಯೋ ಸರ್ರ್ ಸದ್ದು ಕೂಡ ಬೆಣ್ಣೆಯಂತೆ ಬಂತು. ಆಹಾ ಅಂದುಕೊಂಡೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಂದು ಕಾರ್ಯಕ್ರಮ. ಆನ್ ಮಾಡಿದ್ದೇ ತಡ, ಝರ್ರ್ ಅಂತ ಶುರು. ಚಾನೆಲ್ ಬದಲಿಸಿದೆ, ಝರ್ರ್. ಎಲ್ಲ ಚಾನೆಲ್ಲೂ ಅದೇ. ಈ ಸಲ ಹೆಡ್‌ಫೋನ್ ಕಿವಿಯಲ್ಲೇ ಇತ್ತು, ಹಾಗಾಗಿ ಬಚಾವಾದೆ. ತಂತಿ ಮೈಕ್ ಕೊಟ್ಟು ಕೆಲಸ ಮುಗಿಸಿದೆ.

ಆಮೇಲೆ ಸೆಟ್ಟಿನ ಹಿಂದಿನ ಲೇಬಲ್ ನೋಡಿದೆ. ಕೊಳ್ಳೋ ಮುಂಚೆ ನೋಡಬೇಕಿತ್ತು. ಅದು ಓಡೋ ಅಲೆಗಳ ಮೆಗಾಹರ್ಟ್ಸ್ ಅಲ್ಲಿ ಬರೆದಿತ್ತು, ಎಲ್ಲ ಏಳುನೂರರ ಮೇಲಿನ ಅಂಕಿ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯಲ್ಲಿ ವೈರ್‌ಲೆಸ್ ಮೈಕ್ ಬಳಸೋದನ್ನ 2010ರ ಜೂನ್‌ನಲ್ಲೇ ನಿಲ್ಲಿಸಿದ್ದಾರೆ. ಆಮೇಲೆ 2017ರಲ್ಲಿ 600ರ ಬಹುಪಾಲನ್ನೂ ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿ, 2020ರ ಜುಲೈಗೆ ಅಲ್ಲಿಂದಲೂ ಮೈಕುಗಳನ್ನ ಎಬ್ಬಿಸಿದರು. ಅಲ್ಲಿ ಬಳಸೋ ಹಾಗಿಲ್ಲದ ಸೆಟ್ಟು ನನ್ನ ಕೈಗೆ ಅಗ್ಗಕ್ಕೆ ಯಾಕೆ ಬಂತು ಅಂತ ಆಗ ಅರ್ಥವಾಯಿತು.

ಇಲ್ಲೂ ಕತೆ ಬೇರೆಯಲ್ಲ. ನಮ್ಮ ದೇಶದಲ್ಲಿ 700ರ ಪಟ್ಟಿಯಲ್ಲಿ 703ರಿಂದ 748 ಫೋನು ಟವರಿಗೆ ಮಾತಾಡೋ ದಾರಿ, 758ರಿಂದ 803 ಟವರು ಫೋನಿಗೆ ಮಾತಾಡೋ ದಾರಿ. 2022ರ ಹರಾಜಿನಲ್ಲಿ ಇದರಲ್ಲಿ ಜಾಗ ಕೊಂಡು ಜಿಯೊ ಅದನ್ನ 5ಜಿಗೆ ಬಳಸುತ್ತಿದೆ. 850, 900 ಕೂಡ ಮೊಬೈಲಿನವೇ. 600ರ ಪಟ್ಟಿಯನ್ನ ಆ ಹರಾಜಿನಲ್ಲಿ ಯಾರೂ ಕೇಳಲಿಲ್ಲ, ಆದರೆ ಮಾರಾಟಕ್ಕೆ ಇಟ್ಟಿದ್ದಂತೂ ಹೌದು. ಹಳೇ ಯುಎಚ್‌ಎಫ್ ಕೊಳ್ಳೋರು ಮೊದಲು ಆ ಲೇಬಲ್ಲಿನ ಫೋಟೊ ಕಳಿಸೋಕೆ ಹೇಳಿ. ಏಳುನೂರರ ಆಚೆ ಇದ್ದರೆ ಸುಮ್ನೆ ಬಿಟ್ಟುಬಿಡಿ, ಎಷ್ಟೇ ಕಮ್ಮಿಗೆ ಕೊಟ್ಟರೂ.

ಈಗ ನನ್ನ ಹತ್ತಿರ ಇರೋದು ಮತ್ತೆ 2.4ರದ್ದೇ. ನಗಬೇಡಿ. ಒಂದು ವ್ಯತ್ಯಾಸ ಇದೆ, ಎಲ್ಲ ಇರೋದು ಅದರಲ್ಲೇ: ಮೈಕಿನೊಳಗೇ, ಅಂದರೆ ಪುರೋಹಿತರ ಶಲ್ಯದ ಮೇಲಿರೋ ಆ ಟ್ರಾನ್ಸ್‌ಮಿಟರಿನಲ್ಲೇ, ಸದ್ದು ರೆಕಾರ್ಡ್ ಆಗುತ್ತೆ. ಗಾಳಿಯಲ್ಲಿ ಕಡಿದುಹೋದರೂ ಅಲ್ಲಿ ಇಡಿಯಾಗಿ ಉಳಿದಿರುತ್ತೆ. ರೋಡ್ ವೈರ್‌ಲೆಸ್ ಗೋ 2, ಡಿಜೆಐ ಮೈಕ್ 2 ಇಂಥವುಗಳಲ್ಲಿ ಈ ಸೌಲಭ್ಯ ಇದೆ. ಹಾಲಿಲ್ಯಾಂಡ್ ಲಾರ್ಕ್ ಎಂ2 ತರಹದ 9 ಗ್ರಾಮಿನ ಗುಂಡಿಗಳಲ್ಲಿ ಇಲ್ಲ. ಮನೆಯಲ್ಲಿ ಕೂತು ಅಡುಗೆ ವಿಡಿಯೊ ಮಾಡೋರಿಗೆ ಅದು ಧಾರಾಳ ಸಾಕು, ತಪ್ಪಿದರೆ ಇನ್ನೊಂದು ಸಲ ಹೇಳಬಹುದು. ತಾಳಿ ಇನ್ನೊಂದು ಸಲ ಕಟ್ಟಿಸೋಕಾಗಲ್ಲ.

32 ಬಿಟ್ ಫ್ಲೋಟ್ ಅಂತ ಒಂದು ಮಾತು ಈಗ ಎಲ್ಲ ಡಬ್ಬಿ ಮೇಲೂ ಇರುತ್ತೆ. ಸದ್ದು ಜಾಸ್ತಿಯಾಗಿ ಒಡೆಯದಂತೆ ಕಾಯೋಕೆ ಒಳ್ಳೇದೇ. ಆದರೆ ಸಾಮಾನ್ಯವಾಗಿ ಅದು ಸಿಗೋದು ಟ್ರಾನ್ಸ್‌ಮಿಟರಿನೊಳಗಿನ ರೆಕಾರ್ಡಿಂಗಿನಲ್ಲಿ ಮಾತ್ರ. ತಂತಿ ಮೂಲಕ ಕ್ಯಾಮೆರಾಗೆ ಹೋಗೋದು ಮಾಮೂಲಿ ಸದ್ದೇ. ಒಳಗಿನ ರೆಕಾರ್ಡಿಂಗ್ ಆನ್ ಮಾಡದೆ 32 ಬಿಟ್ ಇದೆ ಅಂತ ನೆಮ್ಮದಿಯಾಗಿ ಕೂತು ಕೈಸುಟ್ಟುಕೊಂಡ ಗೆಳೆಯರಿದ್ದಾರೆ. ಆನ್ ಆಗಿದೆಯಾ ಅಂತ ಕೆಂಪು ದೀಪ ನೋಡಿ.

ತಂತಿ ಅಂದಾಗ ನೆನಪಾಯಿತು. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಕ್ಯಾಮೆರಾದ್ದು, ಮೂರಿದ್ದರೆ ಫೋನಿನದ್ದು. ಅದಲುಬದಲಾದರೆ ಸದ್ದು ಬರಲ್ಲ, ಇಲ್ಲಾ ಗುಂಯ್ ಅನ್ನುತ್ತೆ. ಎಷ್ಟೋ ಸಲ ಮೈಕು ಕೆಟ್ಟಿದೆ ಅಂತ ತರೋರ ಸಮಸ್ಯೆ ಇಷ್ಟೇ.

ಕೊಳ್ಳೋಕೆ ಎಸ್‌ಪಿ ರೋಡಿಗೇ ಹೋದರೂ ಅಡ್ಡಿಯಿಲ್ಲ. ನಿಜ ಹೇಳಬೇಕಂದ್ರೆ ಪರೀಕ್ಷೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ನಿಮ್ಮದೇ ಕ್ಯಾಮೆರಾ, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿಸಿ. ಮೈಕನ್ನ ಜೊತೆಯವರ ಎದೆಗೆ ಸಿಕ್ಕಿಸಿ, ಅಂಗಡಿಯಿಂದ ಇಳಿದು ಜನರ ನಡುವೆ ಬೆನ್ನು ತಿರುಗಿಸಿ ನಡೆಯೋಕೆ ಹೇಳಿ. ಎದುರುಮುಖ ಅಲ್ಲ, ಬೆನ್ನು. ಅಂಕಿ ಎಣಿಸುತ್ತಾ ಹೋಗಲಿ. ಹದಿನೇಳು ಆದಮೇಲೆ ಇಪ್ಪತ್ತು ಕೇಳಿಸಿದರೆ ಡಬ್ಬಿ ವಾಪಸ್ ಕೊಟ್ಟು ಕಾಫಿ ಕುಡಿದು ಬನ್ನಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಮದುವೆಯಲ್ಲಿ ರಿಸೀವರನ್ನ ಈಗ ದೂರದ ಕ್ಯಾಮೆರಾ ಮೇಲೆ ಇಡೋದೇ ಇಲ್ಲ. ಮಂಟಪದ ಪಕ್ಕದ ಎರಡನೇ ಕ್ಯಾಮೆರಾಗೆ ಹಾಕಿ, ಜನರ ತಲೆಗಿಂತ ಎತ್ತರದಲ್ಲಿ ನಿಲ್ಲಿಸುತ್ತೇನೆ. ಜೊತೆಗೆ ಸೌಂಡ್ ಸಿಸ್ಟಮ್ ಹುಡುಗನ ಸ್ನೇಹ ಮಾಡಿಕೊಂಡು ಅವನ ಮಿಕ್ಸರಿನಿಂದ ಒಂದು ಎಳೆ ಸಣ್ಣ ರೆಕಾರ್ಡರಿಗೆ. ಮಿಕ್ಸರಿನಿಂದ ಬರೋ ಸದ್ದು ಜೋರು, ಲೈನ್ ಇನ್‌ಗೆ ಕೊಡಬೇಕು, ಮೈಕಿನ ತೂತಿಗೆ ಕೊಟ್ಟರೆ ಒಡೆದುಹೋಗುತ್ತೆ. ಅವನಿಗೆ ಬೆಳಗ್ಗೆ ತಿಂಡಿ ಆಯ್ತಾ ಅಂತ ಕೇಳಿದರೆ ಅರ್ಧ ಕೆಲಸ ಆದ ಹಾಗೆ.

3,200ರ ಸೆಟ್ಟು ಅಸಿಸ್ಟೆಂಟ್ ಹುಡುಗನ ಹತ್ತಿರ ಇದೆ, ರೀಲ್ಸ್ ಮಾಡ್ಕೊಳ್ತಾನೆ. 14,000ದ್ದು ಬೀರುವಿನಲ್ಲಿದೆ. ಆನ್‌ಲೈನಲ್ಲಿ ಹಾಕಿದರೆ ಇವತ್ತಿಗೂ ಹತ್ತು ಸಾವಿರ ಬರುತ್ತೆ ಅಂತ ಒಬ್ಬರು ಮೊನ್ನೆ ಕೂಡ ಹೇಳಿದರು. ಫೋಟೊ ತೆಗೆಯೋಕೆ ಅಂತ ಹೊರಗೆ ತೆಗೆದೆ. ಆ ಲೇಬಲ್ ಕಾಣೋ ಹಾಗೆ ತೆಗೆದರೆ ಗೊತ್ತಿರೋರು ಯಾರೂ ಕೊಳ್ಳಲ್ಲ. ಲೇಬಲ್ ಬಿಟ್ಟು ತೆಗೆಯೋಕೆ ಮನಸ್ಸು ಬರಲಿಲ್ಲ. ಸೆಲ್ಲು ಬಿಚ್ಚಿ ಮತ್ತೆ ಒಳಗಿಟ್ಟೆ.