ಅಟೋರ್ವಾಸ್ಟ್ಯಾಟಿನ್ 80 ಮಿಲಿಗ್ರಾಂ: ಪಾರ್ಶ್ವವಾಯುವಿನ ನಂತರ ಹದಿನಾಲ್ಕು ತಿಂಗಳ ಬಳಕೆ

ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡು ನನ್ನ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಬರೆದುಕೊಟ್ಟ ಔಷಧಿಗಳಲ್ಲಿ ಈ ಮಾತ್ರೆಯೂ ಒಂದು. ಕೈಕಾಲು ಸರಿಹೋಗಲೆಂದು ಇದನ್ನು ನುಂಗುವವರನ್ನೂ, ಸರಿಹೋಗಲಿಲ್ಲವೆಂದು ಬಿಟ್ಟುಬಿಡುವವರನ್ನೂ ಫಿಸಿಯೋಥೆರಪಿ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕಂಡಿದ್ದೇನೆ. ಆದ್ದರಿಂದಲೇ ಇದರ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ.

ಸೋತ ಕೈಗೆ ಈ ಮಾತ್ರೆ ಬಲ ತರುವುದಿಲ್ಲ. ನನ್ನ ಬೆರಳುಗಳು ಅಂಗಿಯ ಗುಂಡಿ ಹಾಕುವುದನ್ನು ಮತ್ತೆ ಕಲಿತದ್ದು ದಿನವೂ ಮಾಡಿದ ವ್ಯಾಯಾಮದಿಂದ, ಅದರಲ್ಲೂ ಚೇತರಿಕೆ ಚುರುಕಾಗಿರುವ ಮೊದಲ ಮೂರು ತಿಂಗಳಲ್ಲಿ. ಮಾತ್ರೆಯ ಕೆಲಸ ನಡೆಯುವುದು ಯಕೃತ್ತಿನಲ್ಲಿ. ಕೊಲೆಸ್ಟ್ರಾಲ್ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ಅದು ತಡೆಯುವುದರಿಂದ, ಯಕೃತ್ತು ತನಗೆ ಬೇಕಾದುದನ್ನು ರಕ್ತದಿಂದಲೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ರಕ್ತದಲ್ಲಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯುತ್ತದೆ. ನಾಳದ ಗೋಡೆಯೊಳಗೆ ಕಟ್ಟಿದ ಜಿಡ್ಡು ಒಡೆದು ಮತ್ತೊಂದು ಹೆಪ್ಪು ಕಟ್ಟುವ ಸಂಭವ ಕಡಿಮೆಯಾಗುತ್ತದೆ. ಇದಾವುದೂ ಮೈಗೆ ತಿಳಿಯುವಂಥದ್ದಲ್ಲ, ರಕ್ತಪರೀಕ್ಷೆಯಲ್ಲಷ್ಟೇ ಕಾಣುತ್ತದೆ. ಆರಂಭದಲ್ಲಿ 142 ಇದ್ದ ನನ್ನ ಎಲ್‌ಡಿಎಲ್ ಆರನೆಯ ವಾರದಲ್ಲಿ 61ಕ್ಕೆ ಬಂದಿತ್ತು. ನನ್ನಂಥವರಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ 70ಕ್ಕಿಂತ ಕೆಳಗೆ.

ಅಷ್ಟರಿಂದ ಆಗುವ ಲಾಭವೆಷ್ಟು ಎಂಬುದಕ್ಕೆ 2006ರಲ್ಲಿ ಪ್ರಕಟವಾದ ಸ್ಪಾರ್ಕಲ್ ಪ್ರಯೋಗದ ಉತ್ತರವಿದೆ. ಪಾರ್ಶ್ವವಾಯು ಅಥವಾ ಅದರ ಅಲ್ಪಕಾಲದ ಲಕ್ಷಣಗಳು ಆಗಲೇ ಕಾಣಿಸಿಕೊಂಡಿದ್ದ 4,731 ಜನರನ್ನು ಸುಮಾರು ಐದು ವರ್ಷ ಗಮನಿಸಿದಾಗ, ಇದೇ 80 ಮಿಲಿಗ್ರಾಂ ಸೇವಿಸಿದವರಲ್ಲಿ ಶೇ 11.2ರಷ್ಟು ಜನರಿಗೆ ಮತ್ತೆ ಲಕ್ವ ಹೊಡೆದರೆ, ಔಷಧಿಯ ಅಂಶವಿಲ್ಲದ ಮಾತ್ರೆ ಸೇವಿಸಿದವರಲ್ಲಿ ಆ ಪ್ರಮಾಣ ಶೇ 13.1 ಇತ್ತು. ಮೆದುಳಿನಲ್ಲಿ ರಕ್ತಸ್ರಾವವಾದವರು ಮಾತ್ರ ಔಷಧಿಯ ಗುಂಪಿನಲ್ಲೇ ಹೆಚ್ಚಿದ್ದರು: 33ಕ್ಕೆ ಎದುರಾಗಿ 55 ಮಂದಿ. ಆದ್ದರಿಂದ ಹಿಂದೆ ರಕ್ತಸ್ರಾವದಿಂದ ಲಕ್ವ ಬಂದವರು ನನ್ನ ಬರಹ ನೋಡಿ ಈ ಮಾತ್ರೆ ಕೇಳಬಾರದು, ಅದು ವೈದ್ಯರು ತೂಗಿ ನೋಡಬೇಕಾದ ವಿಷಯ. ಒಮ್ಮೆ ಮಾತು ತೊದಲಿ, ಸ್ವಂತ ಹೆಸರನ್ನೂ ಹೇಳಲಾಗದೆ ಮಲಗಿದ್ದ ನನಗೆ ಆ ಎರಡು ಶೇಕಡಾ ಅಂತರ ಸಣ್ಣದೆನಿಸುವುದಿಲ್ಲ.

ತೊಂದರೆಯೂ ಆಯಿತು. ನಾಲ್ಕನೆಯ ತಿಂಗಳಲ್ಲಿ ಎರಡೂ ತೊಡೆಗಳು ಹಿಡಿದುಕೊಂಡು, ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಯಾರನ್ನೂ ಕೇಳದೆ ಹನ್ನೊಂದು ದಿನ ಮಾತ್ರೆ ನಿಲ್ಲಿಸಿದೆ, ಅದು ತಪ್ಪು. ವಿಚಾರಿಸಿದಾಗ ತಿಳಿದದ್ದು, ಗಂಟಲ ಸೋಂಕಿಗೆಂದು ಬೇರೊಬ್ಬ ವೈದ್ಯರು ಕೊಟ್ಟಿದ್ದ ಕ್ಲಾರಿಥ್ರೋಮೈಸಿನ್, ಅಟೋರ್ವಾಸ್ಟ್ಯಾಟಿನ್ ದೇಹದಲ್ಲಿ ಕರಗಿಹೋಗದಂತೆ ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತದೆ ಎಂಬುದು. ಅವರು ನನ್ನ ಉಳಿದ ಔಷಧಿಗಳನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸ್ನಾಯು ಹಾನಿಯನ್ನು ತೋರಿಸುವ ಸಿಕೆ ಪರೀಕ್ಷೆಯಲ್ಲಿ ಗಂಭೀರವಾದುದೇನೂ ಕಾಣದ ಕಾರಣ ಅದೇ ಪ್ರಮಾಣವನ್ನು ಮುಂದುವರಿಸಲಾಯಿತು, ನೋವು ಮರಳಲಿಲ್ಲ. ಮೂತ್ರ ಕಪ್ಪಾಗಿ ಸ್ನಾಯುಗಳು ತೀರಾ ನಿಶ್ಶಕ್ತವಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕೆಂದು ಆಗಲೇ ತಿಳಿಸಿದರು.

ಇದೇ ಗುಂಪಿನ ಇನ್ನೊಂದು ಔಷಧಿಯಾದ ಸಿಮ್ವಾಸ್ಟ್ಯಾಟಿನ್‌ನಂತೆ ಇದನ್ನು ರಾತ್ರಿಯೇ ಸೇವಿಸಬೇಕೆಂದಿಲ್ಲ. ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಯಾವ ಹೊತ್ತಾದರೂ ಸರಿ, ದಿನವೂ ಅದೇ ಹೊತ್ತಾದರೆ ಮರೆಯುವುದಿಲ್ಲ.

ನನ್ನ ದೊಡ್ಡ ಆಕ್ಷೇಪವಿರುವುದು ಹೊದಿಕೆಯ ಬಗ್ಗೆ. ಲಕ್ವ ಹೊಡೆದವರಿಗೆಂದೇ ಬರೆದುಕೊಡುವ ಔಷಧಿಯನ್ನು ಎರಡು ಕೈಗಳಿಲ್ಲದೆ ಬಿಚ್ಚಲಾಗದ ಬಿಗಿಯಾದ ಪಟ್ಟಿಯಲ್ಲಿ ಇಡುವುದು ಸರಿಯಲ್ಲ. ಮೊದಲ ಆರು ತಿಂಗಳು ಹೆಂಡತಿಯೇ ವಾರಕ್ಕಾಗುವಷ್ಟು ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬುತ್ತಿದ್ದಳು. ಈಗ ಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಎಡಗೈ ಹೆಬ್ಬೆರಳಿನಿಂದಲೇ ಮಾತ್ರೆಯನ್ನು ಹೊರದೂಡುತ್ತೇನೆ.